ಪಟದ ಬೆನ್ನಿಗಿದ್ದಾಕಿ

ಬೈಲಹೊಂಗಲದ ಪೇಟೆ ಓಣಿಯಲ್ಲಿ ರಾಚವ್ವನಿಗೆ ಹುಚ್ಚು ಹಿಡಿದಿದೆ ಎಂದು ಮೊದಲು ಸುದ್ದಿ ಹಬ್ಬಿಸಿದವರು ಅವಳ ಮೈದುನನ ಮನೆಯವರೇ. ಹಬ್ಬಿಸಲಿ. ಆ ಊರಿನಲ್ಲಿ ಬಂಗಾರದ ಹುಚ್ಚಿನವರಿದ್ದರು, ಹೊಲದ ಹುಚ್ಚಿನವರಿದ್ದರು, ಕುರ್ಚಿಯ ಹುಚ್ಚಿನವರಂತೂ ಓಣಿಗೊಬ್ಬರಿದ್ದರು. ಅವರನ್ನು ಯಾರೂ ಹುಚ್ಚರು ಎನ್ನಲಿಲ್ಲ. ಐವತ್ತರ ಹತ್ತಿರ ಬಂದ ಒಬ್ಬ ವಿಧವೆ ಹಳೆಯ ಪಟಗಳನ್ನು ಕೂಡಿಹಾಕತೊಡಗಿದರೆ ಮಾತ್ರ ಎಲ್ಲರಿಗೂ ತಲೆನೋವು ಬಂದುಬಿಟ್ಟಿತು.

ಹುಚ್ಚು ಹತ್ತಿದ್ದು ತೊಂಬತ್ತೊಂದರಲ್ಲಿ, ಗಂಡ ಕಾಡಪ್ಪ ತೀರಿಕೊಂಡ ವರ್ಷ. ಕಾಡಪ್ಪ ಹತ್ತಿಯ ಅಡತಿ ವ್ಯಾಪಾರಿ. ಮನೆ ದೊಡ್ಡದು, ತಮ್ಮನ ಸಂಸಾರವೂ ಅದರಲ್ಲೇ. ರಾಚವ್ವನಿಗೆ ಮಾತ್ರ ಮಕ್ಕಳಾಗಲಿಲ್ಲ. ಆ ವರ್ಷ ದೇವರ ಕೋಣೆಯ ಶಿವಪಾರ್ವತಿಯ ಪಟ ಮೊಳೆ ಸಡಿಲಾಗಿ ಬಿದ್ದು ಗಾಜು ಒಡೆಯಿತು. ಒಡೆದ ಗಾಜಿನ ದೇವರು ಮನೆಗೆ ಒಳ್ಳೆಯದಲ್ಲ ಎಂದು ಎಲ್ಲರೂ ಗುಸುಗುಸು ಮಾಡುತ್ತ ಕೂತರೆ, ರಾಚವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಜಾರದಲ್ಲಿದ್ದ ಮುರ್ತುಜಾಸಾಬರ ಅಂಗಡಿಗೆ ಒಯ್ದಳು. ಮೂರು ತಲೆಮಾರಿನಿಂದ ಊರಿನ ದೇವರುಗಳಿಗೆಲ್ಲ ಗಾಜು ಕೂಡಿಸಿ ಕಟ್ಟು ಹಾಕುತ್ತ ಬಂದ ಅಂಗಡಿ ಅದು.

ಮುರ್ತುಜಾಸಾಬರು ಪಟವನ್ನು ಬೋರಲು ಮಲಗಿಸಿ, ಇಕ್ಕಳದಿಂದ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಹಿಂಬದಿಯ ರಟ್ಟನ್ನು ಎತ್ತಿದರು. ನೋಡಿದರೆ ಅಲ್ಲಿ ಶಿವನೂ ಇಲ್ಲ, ಪಾರ್ವತಿಯೂ ಇಲ್ಲ. ದಪ್ಪ ಹಳದಿ ಕಾಗದದ ಮೇಲೆ, ಕೂದಲಿನಷ್ಟು ಸಣ್ಣ ಕರಿ ಗೆರೆಗಳಲ್ಲಿ ಮೂಡಿದ ಒಂದು ಕೋಟೆ. ಕೋಟೆಯ ಕೆಳಗೆ ಎರಡು ಎತ್ತು, ಒಂದು ಬಾವಿ, ಮೋಡದ ಅಂಚಿಗೆ ಹಕ್ಕಿಗಳ ಸಾಲು.

“ಇದೇನ್ರಿ ಸಾಬರ, ನಮ್ಮ ದೇವರ ಹೊಟ್ಟ್ಯಾಗ ಕ್ವಾಟಿ?”

“ಹೊಟ್ಟ್ಯಾಗಲ್ರಿ ಅಕ್ಕಾರ, ಬೆನ್ನಿಗೆ.” ಮುರ್ತುಜಾಸಾಬರು ಕೋಟೆಯನ್ನು ಎತ್ತಿದರು. ಅದರ ಕೆಳಗೆ ಬಣ್ಣ ಮಾಸಿದ ಹಳೆಯ ಶಿವಪಾರ್ವತಿ, ಅದರ ಕೆಳಗೆ ಒಡೆದ ಗಾಜಿಗೆ ಮುಖ ಮಾಡಿದ ಈಗಿನ ಶಿವಪಾರ್ವತಿ. “ದೇವರ ಪಟ ಹಳೇದಾತು ಅಂತ ಕಸದಾಗ ಒಗ್ಯಾಕ ಬರತೈತೇನ್ರಿ? ಹೊಸಾದು ಮುಂದ, ಹಳೇದು ಬೆನ್ನಿಗೆ. ನಮ್ಮಪ್ಪ ಹಿಂಗ ಮಾಡ್ಯಾನ, ನಮ್ಮಜ್ಜನೂ ಹಿಂಗ ಮಾಡ್ಯಾನ.”

“ಕ್ವಾಟಿ ಯಾವ ದೇವರ್ರಿ ಮತ್ತ?”

ಮುರ್ತುಜಾಸಾಬರು ನಕ್ಕರು. ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಕ್ಯಾಂಪಿನ ಸಾಹೇಬರು ಮನೆ ಬಿಟ್ಟು ಹೋಗುವಾಗ ಅವರ ಪುಸ್ತಕಗಳನ್ನು ಹರಾಜು ಹಾಕುತ್ತಿದ್ದರಂತೆ. ಅಜ್ಜ ಅವನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, ಚಿತ್ರದ ಹಾಳೆ ದಪ್ಪಗಿರುತ್ತದೆ, ಗೋಡೆಯ ತೇವ ತಡೆಯುತ್ತದೆ ಎಂದು ದೇವರ ಬೆನ್ನಿಗೆ ಹಾಕುತ್ತಿದ್ದನಂತೆ.

ರಾಚವ್ವ ಆ ಕೋಟೆಗೂ ಒಂದು ಕಟ್ಟು ಹಾಕಿಕೊಡಿ ಎಂದಳು. ಮುರ್ತುಜಾಸಾಬರು ಚಂದಾಗಿ ಹಾಕಿಕೊಟ್ಟರು. ಕಟ್ಟಿನ ಅಳತೆಗೆ ಸರಿಹೋಗಲಿ ಎಂದು ಹಾಳೆಯ ನಾಲ್ಕೂ ಅಂಚನ್ನು ನೀಟಾಗಿ ಕತ್ತರಿಸಿಯೇ ಹಾಕಿದ್ದರು. ಆಗ ಇಬ್ಬರಿಗೂ ಏನೂ ಅನಿಸಲಿಲ್ಲ. ಮುಂದೆ ಇನ್ನೂ ನಾಲ್ಕಾರು ಅಂಥ ಚಿತ್ರಗಳು ಕೈಗೆ ಬಂದ ಮೇಲೆ ಬಲ್ಲವರ ಬಾಯಿಂದ ರಾಚವ್ವನಿಗೆ ತಿಳಿಯಿತು: ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಮಸಿ ತುಂಬಿ, ಕಾಗದದ ಮೇಲೆ ಒತ್ತಿ ತೆಗೆದ ಅಚ್ಚುಗಳಿವು. ತಗಡು ಒತ್ತಿದ ಗುರುತು ಚಿತ್ರದ ಸುತ್ತ ಬೆರಳಿಗೆ ಹತ್ತುವಂತೆ ತಗ್ಗಾಗಿ ಉಳಿದಿರುತ್ತದೆ. ಅದರ ಕೆಳಗಿನ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಊರಿನ ಹೆಸರು, ಬರೆದವನ ಹೆಸರು. ತನ್ನ ಮೊದಲ ಕೋಟೆಯ ಹೆಸರು ಕತ್ತರಿಯ ಬಾಯಿಗೆ ಬಿದ್ದು ಕಸದ ಬುಟ್ಟಿಗೆ ಹೋಗಿತ್ತು. ಅದು ಯಾವ ಊರಿನ ಕೋಟೆಯೋ, ಇನ್ನು ಯಾರೂ ಹೇಳಲಾರರು.

ಅವತ್ತು ರಾಚವ್ವ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಮುರ್ತುಜಾಸಾಬರು ಕತ್ತರಿಯನ್ನು ಗಲ್ಲೆಯ ಮೇಜಿನ ಕೆಳಗೆ ಸರಿಸಿ, “ತಪ್ಪಾತ್ರಿ ಅಕ್ಕಾರ. ಇನ್ನ ಮ್ಯಾಲ ಹಾಳಿಗೆ ತಕ್ಕ ಕಟ್ಟು ಮಾಡತೇನಿ, ಕಟ್ಟಿಗೆ ತಕ್ಕ ಹಾಳಿ ಮಾಡೂದಿಲ್ಲ” ಎಂದರು. ಸಿಟ್ಟು ಇಳಿದ ಮೇಲೆ ಅವರಿಬ್ಬರ ಸ್ನೇಹ ಮೊದಲಿಗಿಂತ ಗಟ್ಟಿಯಾಯಿತು.

ಆಮೇಲೆ ರಾಚವ್ವ ಮನೆಯಲ್ಲಿ ಕೂರಲಿಲ್ಲ. ಮುರಗೋಡ, ಸವದತ್ತಿ, ಸುರೇಬಾನ, ಎಲ್ಲಿ ಹಳೆಯ ಮನೆಯಿದೆ, ಎಲ್ಲಿ ಹೊಗೆ ಹತ್ತಿದ ದೇವರ ಪಟವಿದೆ ಎಂದು ಕೇಳಿದಳೋ ಅಲ್ಲಿಗೆ ಬಸ್ಸು ಹಿಡಿದಳು. ಅವಳ ವ್ಯವಹಾರ ಸರಳ. ಹೊಸ ಗಾಜು, ಹೊಸ ಕಟ್ಟು, ಮನೆಯವರು ಕೇಳಿದ ದೇವರ ಹೊಸ ಪಟ ಅವರಿಗೆ, ಬೆನ್ನಿಗಿದ್ದದ್ದು ತನಗೆ. ಹತ್ತು ಪಟ ಬಿಚ್ಚಿದರೆ ಒಂಬತ್ತರ ಹಿಂದೆ ಹಳೇ ಕ್ಯಾಲೆಂಡರು, ಬೀಡಿ ಕಂಪನಿಯ ರಟ್ಟು, ಇಲ್ಲವೆ ಬೆಳ್ಳಿಹುಳ ತಿಂದ ಪುಡಿ. ಹತ್ತನೆಯದರಲ್ಲಿ ಒಮ್ಮೊಮ್ಮೆ ಯಾವುದೋ ಕಾಲದ ನದಿ, ಯಾವುದೋ ಕಾಲದ ಸಂತೆ, ಎಂದೋ ಸತ್ತ ಒಂದು ಆನೆ. ಅಂಥದ್ದು ಸಿಕ್ಕ ದಿನ ರಾಚವ್ವ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬರುತ್ತಿದ್ದಳು. ನೋಡಿದವರು ಹುಚ್ಚಿ ಎಂದದ್ದರಲ್ಲಿ ಅವರದೇನೂ ತಪ್ಪಿಲ್ಲ ಬಿಡಿ.

ತೊಂಬತ್ತೆಂಟರ ಬೇಸಿಗೆಯಲ್ಲಿ ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಹೋದಾಗ, ಒಬ್ಬ ಮುದುಕಿ ಎಲ್ಲಮ್ಮನ ಪಟವನ್ನು ಎದೆಗವಚಿಕೊಂಡು ಕೂತುಬಿಟ್ಟಳು.

“ಹಳೇ ದೇವರು ಒಯ್ತಿ, ಹೊಸಾ ದೇವರು ಕೊಡತಿ. ನಿನಗೇನ ಬಂತ ಇದರಾಗ?”

“ದೇವರು ನಿನಗ ಇರಲಿ ಯವ್ವಾ. ದೇವರ ಹಿಂದಿಂದು ನನಗ ಕೊಡು.”

“ದೇವರ ಹಿಂದ ಏನಿರತೈತಿ?”

“ಅದನ್ನ ನೋಡಾಕನ ಬಂದೇನಿ.”

ಮುದುಕಿ ಪಟಕ್ಕೆ ಹಣೆ ಹಚ್ಚಿ, ಎಲ್ಲಮ್ಮನಿಗೆ ತಪ್ಪು ಒಪ್ಪಿಸಿ, ಕುಂಕುಮ ಒರೆಸಿ ಕೊಟ್ಟಳು. ರಾಚವ್ವ ಕಟ್ಟೆಯ ಮೇಲೆ ಕೂತು ಮೊಳೆ ಕಿತ್ತಳು. ರಟ್ಟು ಎತ್ತಿದವಳ ಕೈ ಅಲ್ಲೇ ನಿಂತಿತು.

ಒಂದು ದೊಡ್ಡ ಕಲ್ಲಿನ ಬಾಗಿಲು, ಮೇಲಿನ ಕಮಾನು ಬಿರುಕು ಬಿಟ್ಟು ಗಿಡ ಹುಟ್ಟಿದೆ. ಬಾಗಿಲ ಮುಂದೆ ಒಬ್ಬ ಹೆಂಗಸು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಚ್ಚೆ ಹಾಕಿದ್ದಾಳೆ. ತಲೆಯ ಮೇಲೆ ಹುಲ್ಲಿನ ಹೊರೆ, ಒಂದು ಕೈ ಹೊರೆಗೆ, ಇನ್ನೊಂದು ಕೈಯಲ್ಲಿ ಕುಡುಗೋಲು. ಹೊರೆಯ ಭಾರಕ್ಕೆ ಕತ್ತು ಬಿಗಿದಿದೆ, ಆದರೆ ಮುಖ ಬಗ್ಗಿಲ್ಲ. ತನ್ನನ್ನು ಬರೆಯುತ್ತಿರುವವನನ್ನು, ನಿನಗೇನು ಕೆಲಸವಿಲ್ಲವೇನೋ ಎನ್ನುವ ಹಾಗೆ ನೇರ ನೋಡುತ್ತಿದ್ದಾಳೆ. ಅಂಚು ಪೂರ್ತಿ ಇತ್ತು, ತಗಡಿನ ತಗ್ಗು ಇತ್ತು, ಕೆಳಗೆ ಇಂಗ್ಲಿಷಿನ ಒಂದು ಸಾಲೂ ಇತ್ತು. ಆ ಸಾಲನ್ನು ಓದಿ ಹೇಳಿದವಳು ಮುರ್ತುಜಾಸಾಬರ ಮಗಳು ನಾಜಿಮಾ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಹುಡುಗಿ.

“ಕಿತ್ತೂರು ಕೋಟೆಯ ಬಾಗಿಲಲ್ಲಿ ಹುಲ್ಲು ಕೊಯ್ಯುವ ಹೆಂಗಸು ಅಂತ ಐತ್ರಿ ದೊಡ್ಡಮ್ಮಾ.”

ರಾಚವ್ವ ಚಿತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮನೆಗೆ ಬಂದು ಮಾಳಿಗೆಯ ಬಾಗಿಲು ಹಾಕಿಕೊಂಡು, ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಸಾಕಾಗುವಷ್ಟು ಅತ್ತಳು. ಅದರ ಕಾರಣ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ರಾಚವ್ವನ ತಾಯಿ ಕೆಂಚವ್ವ ಕಿತ್ತೂರಿನಲ್ಲಿ ಹುಲ್ಲು ಮಾರುತ್ತಿದ್ದಳು. ನಸುಕಿನಲ್ಲಿ ಎದ್ದು ಕಂಡವರ ಬದುವಿನ ಹುಲ್ಲು ಕೊಯ್ದು, ಹೊರೆ ಕಟ್ಟಿ, ಕೋಟೆಯ ಬಾಗಿಲ ನೆರಳಿಗೆ ತಂದು ಇಳಿಸುತ್ತಿದ್ದಳು. ಚೆಲುವೆಯಾದ ಮಗಳನ್ನು ಕಾಡಪ್ಪ ಎರಡನೇ ಸಂಬಂಧಕ್ಕೆ ಕೇಳಿ ಮಾಡಿಕೊಂಡ. ಬೀಗರಿಗೆ ಹುಲ್ಲಿನ ನಂಟು ಹೇಳಿಕೊಳ್ಳಲು ನಾಚಿಕೆ. ಸೊಸೆ ಕಿತ್ತೂರು ಸಂಸ್ಥಾನದ ಸರದಾರರ ಕಡೆಯವಳು ಎಂದು ಒಂದು ಕತೆ ಹೆಣೆದು ಊರಿಗೆಲ್ಲ ಹಂಚಿದರು. ಕೆಂಚವ್ವ ಒಂದೇ ಒಂದು ಸಲ ಮಗಳನ್ನು ನೋಡಲು ಬಂದಳು. ಬರಿಗೈಯಲ್ಲಿ ಬರಬಾರದೆಂದು, ಮನೆಯ ಎಮ್ಮೆಗಳಿಗೆ ಹಸಿ ಹುಲ್ಲಿನ ಹೊರೆ ಹೊತ್ತುಕೊಂಡು ಬಂದಳು. ಅವಳಿಗೆ ಹಿತ್ತಲ ಬಾಗಿಲು ತೋರಿಸಿ, ದನದ ಕೊಟ್ಟಿಗೆಯಲ್ಲಿ ಎಲೆ ಹಾಕಿದರು. ಇಪ್ಪತ್ತು ವರ್ಷದ ರಾಚವ್ವ ತನ್ನ ತಾಟನ್ನೂ ಎತ್ತಿಕೊಂಡು ಹೋಗಿ ಸಗಣಿ ವಾಸನೆಯಲ್ಲಿ ತಾಯಿಯ ಪಕ್ಕಕ್ಕೆ ಕೂತಳು. ಅತ್ತೆ ಬೈದಳು, ಗಂಡ ಕಣ್ಣು ಕೆಕ್ಕರಿಸಿದ. ಬೈದವರಲ್ಲಿ ಕೆಂಚವ್ವನೂ ಒಬ್ಬಳು. “ನಿನ್ನ ಸಂಸಾರ ಸುಖದಿಂದಿರಲಿ. ಇನ್ನ ಈ ಮನ್ಯಾಗ ನನ್ನ ಹೆಸರು ಎತ್ತಬ್ಯಾಡ, ನನ್ನ ಆಣಿ ಐತಿ” ಎಂದು ಬಾಯಿ ಒರೆಸಿಕೊಂಡು ಎದ್ದಳು. ಮತ್ತೆ ಬರಲಿಲ್ಲ. ಸತ್ತಾಗ ಮಗಳಿಗೆ ಅವಳು ಬಿಟ್ಟುಹೋದದ್ದು ಕೋಟೆಯ ಹಿಂದಿನ ಓಣಿಯ ಒಂದು ಕೋಣೆಯ ಮನೆ. ಅದರ ಬೀಗದ ಕೈ ರಾಚವ್ವನ ಸೊಂಟದ ಚೀಲದಲ್ಲಿ ಅಡಕೆಯ ಜೊತೆಗೇ ಇರುತ್ತಿತ್ತು.

ತಾಯಿಯ ಒಂದು ಫೋಟೋ ಕೂಡ ಇರಲಿಲ್ಲ. ಹುಲ್ಲು ಮಾರುವವಳ ಫೋಟೋ ಯಾರು ತೆಗೆಯುತ್ತಾರೆ? ಈಗ ನೂರೈವತ್ತು ವರ್ಷದ ಹಿಂದಿನ ಯಾವಳೋ ಒಬ್ಬಳು ಅದೇ ಬಾಗಿಲಲ್ಲಿ, ಅದೇ ಹೊರೆ ಹೊತ್ತು, ಎಲ್ಲಮ್ಮನ ಬೆನ್ನ ಹಿಂದಿನಿಂದ ಎದ್ದು ಬಂದಿದ್ದಳು. ರಾಚವ್ವ ಅವಳನ್ನು ಮಾಳಿಗೆಯಲ್ಲಿ ತಾನು ಮಲಗುವ ಕಡೆಯ ಗೋಡೆಗೆ ತೂಗುಹಾಕಿದಳು.

ಎರಡು ಸಾವಿರದ ಎರಡರವರೆಗೆ ಆ ಹುಲ್ಲಿನವಳು ಅಲ್ಲಿ ನೆಮ್ಮದಿಯಿಂದ ಇದ್ದಳು. ಆಮೇಲೆ ಶ್ರೀಶೈಲನ ಕಣ್ಣಿಗೆ ಬಿದ್ದಳು.

ಶ್ರೀಶೈಲ ಮೈದುನನ ಮಗ. ಅಡತಿ, ಮನೆ, ಬಜಾರದ ಮಳಿಗೆಗಳು ಎಲ್ಲ ಈಗ ಅವನ ಹೆಸರಿನಲ್ಲಿ. ಇಷ್ಟು ಸಾಲದೆಂದು ಚುನಾವಣೆಗೆ ನಿಲ್ಲುವ ಆಸೆ ಹತ್ತಿ, ಬಿಳಿ ಬಟ್ಟೆ ತೊಟ್ಟು ಕಂಡಕಂಡವರಿಗೆ ಕೈ ಮುಗಿಯುತ್ತ ತಿರುಗುತ್ತಿದ್ದ. ಕಿತ್ತೂರಿನ ಒಂದು ಕಲ್ಯಾಣ ಮಂಟಪದಲ್ಲಿ ತನ್ನ ಗೆಳೆಯರ ಬಳಗದಿಂದ ನಾಡಿನ ಇತಿಹಾಸದ ಪ್ರದರ್ಶನ ಇಡಬೇಕೆಂದು ಹೊರಟವನಿಗೆ, ಪ್ರದರ್ಶನದಲ್ಲಿ ಇಡಲು ಏನೂ ಇಲ್ಲ ಎಂಬುದು ಕೊನೆಗೆ ಹೊಳೆಯಿತು. ಆಗ ದೊಡ್ಡವ್ವನ ಹುಚ್ಚು ನೆನಪಾಯಿತು. ಮಾಳಿಗೆ ಹತ್ತಿ ಬಂದ. ಗೋಡೆಯ ಚಿತ್ರ ನೋಡಿ ಅವನ ಬಾಯಿ ತೆರೆದದ್ದು ತೆರೆದೇ ಇತ್ತು.

“ದೊಡ್ಡವ್ವ, ರಾಣಿ! ಕಿತ್ತೂರ ರಾಣಿ ಚಿತ್ರ ಇಟ್ಟಕೊಂಡು ಸುಮ್ಮನ ಕುಂತೀಯಲ್ಲ!”

“ರಾಣಿ ಅಲ್ಲೋ ತಮ್ಮಾ. ಹುಲ್ಲು ಮಾರಾಕಿ. ಕೆಳಗ ಬರದೈತಿ ನೋಡು.”

“ಕೈಯಾಗ ಖಡ್ಗ ಐತಿ.”

“ಕುಡಗೋಲದು.”

“ಅಲ್ಲ, ಹುಲ್ಲು ಮಾರಾಕಿ ಚಿತ್ರಾನ ಸಾಹೇಬ ಯಾಕ ತಗೀತಾನ, ಅವಗ ಬ್ಯಾರೆ ಉದ್ಯೋಗ ಇರಲಿಲ್ಲೇನು?”

“ಕುದರಿಗೆ ಹುಲ್ಲು ಹಾಕಿದಾಕಿ ಇಲ್ಲದ ಯಾ ಕ್ವಾಟಿ ನಡದೈತಿ? ಅವನ ಕಣ್ಣಿಗೆ ಬಿದ್ದಾಳ, ತಗದಾನ. ನಿನಗ ಕಾಣವಲ್ಲಳು.”

ಶ್ರೀಶೈಲ ನಕ್ಕು, ಫೋಟೋ ಹೊಡೆದುಕೊಂಡು ಹೋದ. ಮನೆಯವರೊಬ್ಬರು ತನ್ನ ಚಿತ್ರವನ್ನು ಇಷ್ಟು ಹೊತ್ತು ನೋಡಿದರಲ್ಲ ಎಂದು ರಾಚವ್ವನಿಗೆ ಒಳಗೊಳಗೇ ಖುಷಿಯೇ ಆಯಿತು. ಆ ಖುಷಿ ಒಂದು ವಾರ ಬಾಳಿತು.

ವಾರದ ಮೇಲೆ ಅವನು ಮಾಳಿಗೆಗೆ ಬಂದಾಗ ಕೈಯಲ್ಲಿ ಸುರುಳಿ ಸುತ್ತಿದ ಒಂದು ದೊಡ್ಡ ಹಾಳೆಯಿತ್ತು. ಸಿನಿಮಾ ಬೋರ್ಡು ಬರೆಯುವ ಬಾಳು ಆ ಫೋಟೋ ನೋಡಿ ಬಣ್ಣದಲ್ಲಿ ಬರೆದ ಚಿತ್ರ. ಕುಡುಗೋಲು ನೆಟ್ಟಗಾಗಿ ಖಡ್ಗವಾಗಿತ್ತು. ಮೊಣಕಾಲಿನ ಸೀರೆ ಪಾದಕ್ಕೆ ಇಳಿದು ಜರಿ ಅಂಚು ಪಡೆದಿತ್ತು. ಹುಲ್ಲಿನ ಹೊರೆ ಇದ್ದಲ್ಲಿ ಮುತ್ತಿನ ಕಿರೀಟ. ಹೊರೆಗೆ ಹಿಡಿದಿದ್ದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಬಾಳು ಅದನ್ನು ಆಶೀರ್ವಾದ ಮಾಡುವಂತೆ ತಿರುಗಿಸಿಬಿಟ್ಟಿದ್ದ. ಮುಖವನ್ನೂ ತಿದ್ದಿದ್ದ. ಆ ನೇರ ನೋಟ ಹೋಗಿ, ಗೊಂಬೆಯ ಕಣ್ಣು ಬಂದಿತ್ತು.

“ಇದನ್ನ ನಿನ್ನ ಕೈಲೆ ತೆರೆ ಎಳಸತೇನಿ,” ಎಂದ ಶ್ರೀಶೈಲ. “ಶಾಲು ಹೊದಸತೇವಿ, ಮಾಲಿ ಹಾಕತೇವಿ. ಸರದಾರ ಮನೆತನದ ಮಗಳು, ತವರಮನಿಯಿಂದ ಬಂದ ರಾಣಿ ಚಿತ್ರಾನ ನಾಡಿಗೆ ಕೊಟ್ಟಳು ಅಂತ ಪೇಪರಿನ್ಯಾಗ ಬರತೈತಿ.”

ರಾಚವ್ವನಿಗೆ ಮೈಯೆಲ್ಲ ಉರಿದುಹೋಯಿತು. “ನಮ್ಮವ್ವ ಏನು ಮಾರತಿದ್ದಳು ನಿನಗ ಗೊತ್ತೈತಿ.”

“ಅದು ಸತ್ತ ಮಾತು.”

“ಸತ್ತಿಲ್ಲ. ಗ್ವಾಡಿಗೆ ಐತಿ ನೋಡು, ನಿನ್ನ ನೋಡಾಕ ಹತ್ಯಾಳ. ರಾಣಿಗೆ ನಾನೂ ಕೈ ಮುಗೀತೇನಿ ಶ್ರೀಶೈಲ. ಆಕಿ ದೊಡ್ಡಾಕಿ. ಆಕಿಗೆ ನಿನ್ನ ಸುಳ್ಳು ಬೇಕಾಗಿಲ್ಲ, ನಮ್ಮವ್ವನ ಮಾರಿ ಕಸಗೊಳ್ಳೂದೂ ಬೇಕಾಗಿಲ್ಲ.”

ಶ್ರೀಶೈಲನ ಮುಗುಳುನಗೆ ಮಾಯವಾಯಿತು. ತಣ್ಣಗೆ ಹೇಳಿದ: ಮಾಳಿಗೆ ತನ್ನದು, ಮನೆ ತನ್ನದು. ಪ್ರದರ್ಶನದ ದಿನ ಹುಲ್ಲಿನವಳ ಸುದ್ದಿ ಬಾಯಿಗೆ ಬಂದರೆ ಮರುದಿನ ಮಾಳಿಗೆಯ ಪಟಗಳೆಲ್ಲ ರದ್ದಿಗೆ ಹೋಗುತ್ತವೆ, ಅವುಗಳ ಹಿಂದೆಯೇ ದೊಡ್ಡವ್ವನೂ ಗಂಟು ಕಟ್ಟಬೇಕಾಗುತ್ತದೆ. ಗೋಡೆಗಿದ್ದ ಹಳೆಯ ಚಿತ್ರ ಯಾರ ಕಣ್ಣಿಗೂ ಬೀಳಬಾರದು. ಅದನ್ನು ಈಗಲೇ ತನ್ನ ಕೈಗೆ ಕೊಟ್ಟುಬಿಡಬೇಕು.

ರಾಚವ್ವ ಗೋಡೆಯ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತೀರ ಮೆತ್ತಗಿನ ದನಿಯಲ್ಲಿ ಅಂದಳು:

“ಆತು. ನಿನ್ನ ರಾಣಿ ಮುಂದ ಇರಲಿ. ಇಕಿನ್ನ ಬೆನ್ನಿಗೆ ಹಾಕಸತೇನಿ, ರಟ್ಟು ಹೊಡದು ಬಂದ ಮಾಡಿಬಿಡಲಿ. ಹಳೇದು ಬೆನ್ನಿಗಿರೂದು ಪದ್ಧತಿ ಐತಿ, ಮುರ್ತುಜಾಸಾಬರಿಗೆ ಹೇಳತೇನಿ.”

ಶ್ರೀಶೈಲನಿಗೆ ಇದಕ್ಕಿಂತ ಇನ್ನೇನು ಬೇಕಿತ್ತು? ಹುಲ್ಲಿನವಳನ್ನು ರಾಣಿಯ ಹಿಂದೆ ಮೊಳೆ ಹೊಡೆದು ಮುಚ್ಚಿಬಿಟ್ಟರೆ ಮುಗಿಯಿತಲ್ಲ. ದೊಡ್ಡವ್ವ ದಾರಿಗೆ ಬಂದಳು ಎಂದುಕೊಂಡು ಮೆಟ್ಟಿಲಿಳಿದ.

ಎಂದೂ ಮೆತ್ತಗೆ ಮಾತಾಡದ ಹೆಂಗಸು ಮೆತ್ತಗೆ ಮಾತಾಡಿದರೆ ಎಚ್ಚರಾಗಬೇಕು. ಅಷ್ಟು ಬುದ್ಧಿ ಅವನಿಗಿರಲಿಲ್ಲ.

ಮುರ್ತುಜಾಸಾಬರು ಎರಡೂ ಚಿತ್ರಗಳನ್ನು ಗಲ್ಲೆಯ ಮೇಜಿನ ಮೇಲೆ ಅಕ್ಕಪಕ್ಕ ಹರಡಿ ನೋಡಿದರು. ಬಾಳುವಿನ ರಾಣಿಯನ್ನು ನೋಡಿ ಮೂಗು ಮುರಿದರು. ರಾಚವ್ವ ಬಂದ ಕೆಲಸ ಹೇಳಿದಳು. ಮುಂದೆಯೂ ಗಾಜು, ಹಿಂದೆಯೂ ಗಾಜು. ನಡುವೆ ಒಂದು ರಟ್ಟು. ಹಿಂದಿನ ಗಾಜಿನ ಮೇಲೆ ಖಾಕಿ ಕಾಗದ ಅಂಟಿಸಿರಬೇಕು, ಯಾರು ತಿರುವಿ ನೋಡಿದರೂ ಬರಿ ರಟ್ಟು ಅನಿಸಬೇಕು. ಅಂಚು ಮುಟ್ಟುವಂತಿಲ್ಲ.

“ಅಂಚಿನ ಮಾತು ನನಗ ಹೇಳತೀರೇನ್ರಿ ಅಕ್ಕಾರ?” ಎಂದರು ಮುರ್ತುಜಾಸಾಬರು.

“ಸಾಬರ, ಈ ಮಳಿಗಿ ಶ್ರೀಶೈಲಂದು. ಇದನ್ನ ಮಾಡಿದವರು ಯಾರು ಅಂತ ಅವಗ ಗೊತ್ತಾಗತೈತಿ. ಬ್ಯಾಡ ಅನಸಿದ್ರ ಈಗ ಹೇಳ್ರಿ, ನಾನು ಸಿಟ್ಟಾಗೂದಿಲ್ಲ.”

ಮುರ್ತುಜಾಸಾಬರು ಅಳತೆಪಟ್ಟಿ ತೆಗೆದು ಹುಲ್ಲಿನವಳ ಹಾಳೆಯನ್ನು ಅಳೆದರು. ಅಳತೆ ಬರೆದುಕೊಂಡ ಮೇಲೆ ತಲೆ ಎತ್ತಿದರು. “ಮಳಿಗಿ ಅವಂದು. ಕೈ ನಂದು. ಅಂಗಡಿ ಹೋದ್ರ ಸಂತ್ಯಾಗ ತಳ್ಳೂ ಗಾಡಾ ನಿಲ್ಲಸತೇನಿ, ದೇವರ ಗಾಜು ಒಡ್ಯೂದೇನು ಅವನ ಮಾತಿಲೆ ನಿಲ್ಲತೈತೇನ್ರಿ?”

ಪ್ರದರ್ಶನದ ಹಿಂದಿನ ದಿನ ಮುರ್ತುಜಾಸಾಬರ ಟೆಂಪೊ ಮನೆಯ ಮುಂದೆ ಬಂದು ನಿಂತಿತು. ಮಾಳಿಗೆಯ ಪಟಗಳಿಗೆಲ್ಲ ಕಟ್ಟು ಬದಲಿಸಬೇಕಾಗಿದೆ, ಕಿತ್ತೂರಿನಲ್ಲಿ ಮಂದಿ ನೋಡುವಾಗ ಚಂದ ಕಾಣಬೇಕಲ್ಲ ಎಂದಳು ರಾಚವ್ವ. ಶ್ರೀಶೈಲ ತಾನೇ ನಿಂತು ಆಳುಗಳಿಂದ ಪಟಗಳನ್ನು ಇಳಿಸಿಕೊಟ್ಟ. ಟೆಂಪೊ ಅಂಗಡಿಗೆ ಹೋಗಲಿಲ್ಲ, ಸೀದಾ ಕಿತ್ತೂರಿಗೆ ಹೋಯಿತು. ಕೆಂಚವ್ವನ ಒಂದು ಕೋಣೆಯ ಮನೆಯ ಬೀಗವನ್ನು ರಾಚವ್ವ ತನ್ನ ಕೈಯಾರೆ ತೆಗೆದಳು. ನದಿ, ಸಂತೆ, ಆನೆ, ಹೆಸರು ಕಳೆದುಕೊಂಡ ಕೋಟೆ, ಎಲ್ಲವೂ ಆ ಮಣ್ಣಿನ ಗೋಡೆಗೆ ಒರಗಿ ಕೂತವು.

ಮರುದಿನ ಕಲ್ಯಾಣ ಮಂಟಪ ತುಂಬಿತ್ತು. ಶ್ರೀಶೈಲನ ಬಳಗದವರು ಕೇಸರಿ ಪೇಟ ಸುತ್ತಿಕೊಂಡು ಓಡಾಡುತ್ತಿದ್ದರು. ಉಳಿದ ಪಟಗಳೆಲ್ಲಿ ಎಂದು ಶ್ರೀಶೈಲ ಕೇಳಿದ್ದಕ್ಕೆ, ಕಟ್ಟಿನ ಅಂಟು ಒಣಗಿಲ್ಲ, ಮಧ್ಯಾಹ್ನಕ್ಕೆ ಬರುತ್ತವೆ ಎಂದಿದ್ದಳು ರಾಚವ್ವ. ಮುಖ್ಯ ಅತಿಥಿ ಧಾರವಾಡದಿಂದ ಬಂದ ನಿವೃತ್ತ ಇತಿಹಾಸ ಪ್ರಾಧ್ಯಾಪಕಿ. ವೇದಿಕೆಯ ನಡುವೆ ಮೇಜಿನ ಮೇಲೆ, ಕೆಂಪು ಬಟ್ಟೆ ಹೊದಿಸಿದ ಪಟ. ಶ್ರೀಶೈಲ ಮೈಕಿನಲ್ಲಿ ಗಂಟಲು ಹರಿಯುವಂತೆ ಮಾತಾಡಿದ. ಸರದಾರರ ವಂಶ, ಕುದುರೆಗಳು, ಕತ್ತಿಗಳು, ರಕ್ತ. ತನ್ನ ಮನೆತನಕ್ಕೂ ಕೋಟೆಗೂ ಇರುವ ನಂಟು. ಕೇಳುತ್ತ ಕೂತ ರಾಚವ್ವನಿಗೆ, ತನ್ನ ಅವ್ವ ದನದ ಕೊಟ್ಟಿಗೆಯಲ್ಲಿ ತುತ್ತು ನುಂಗಲಾರದೆ ನೀರು ಕುಡಿದದ್ದು ಕಣ್ಣಿಗೆ ಕಟ್ಟಿತು. ಅವ್ವನ ಆಣೆಯೂ ನೆನಪಾಯಿತು. ಆ ಮನೆಯಲ್ಲಿ ಹೆಸರು ಎತ್ತಬೇಡ ಎಂದಿದ್ದಳು. ಇದು ಆ ಮನೆಯಲ್ಲವಲ್ಲ, ಇದು ಕಿತ್ತೂರು.

ಶಾಲು ಹೊದಿಸಿದರು, ಹೊದಿಸಿಕೊಂಡಳು. ಮಾಲೆ ಹಾಕಿದರು, ಹಾಕಿಸಿಕೊಂಡಳು. ಕೆಂಪು ಬಟ್ಟೆ ಎಳೆದಳು. ಬಾಳುವಿನ ರಾಣಿ ಹೊಳೆಯಿತು, ಜನ ಚಪ್ಪಾಳೆ ತಟ್ಟಿದರು. ಶ್ರೀಶೈಲ ಮೈಕಿನ ಕಂಬವನ್ನು ಅವಳ ಮುಂದೆ ತಂದು ನಿಲ್ಲಿಸಿ, “ಎರಡು ಮಾತು, ದೊಡ್ಡವ್ವಾರ” ಎಂದ.

“ಇದು ಬಾಳು ಬರದ ಚಿತ್ರ,” ಎಂದಳು ರಾಚವ್ವ. “ಚಂದ ಬರದಾನ. ಆದರ ಹಳೇ ಪಟಾನ ನೋಡೂ ಪದ್ಧತಿ ಹಿಂಗಲ್ರಿ. ಹಳೇದು ಯಾವತ್ತೂ ಬೆನ್ನಿಗಿರತೈತಿ.”

ಅಂದವಳೇ ಪಟವನ್ನು ಎರಡೂ ಕೈಯಿಂದ ಎತ್ತಿ ತಿರುಗಿಸಿ ನಿಲ್ಲಿಸಿದಳು. ಖಾಕಿ ಕಾಗದದ ಮೂಲೆಗೆ ಉಗುರು ಹಾಕಿ ಎಳೆದಳು. ಕಾಗದ ಹರಿದ ಸಪ್ಪಳ ಮೈಕಿನಲ್ಲಿ ಇಡೀ ಮಂಟಪಕ್ಕೆ ಕೇಳಿಸಿತು. ಗಾಜಿನ ಹಿಂದಿನಿಂದ ಹುಲ್ಲಿನ ಹೊರೆ ಹೊತ್ತವಳು ಎಲ್ಲರನ್ನೂ ನೇರ ನೋಡಿದಳು.

ಶ್ರೀಶೈಲ ಮೈಕು ಕಸಿದುಕೊಳ್ಳಲು ಬಂದ. ರಾಚವ್ವ ಕಂಬ ಹಿಡಿದಳು, ಬಿಡಲಿಲ್ಲ. ಹುಲ್ಲು ಕೊಯ್ದವಳ ಮಗಳ ಹಿಡಿತ ಅದು, ಸುಲಭಕ್ಕೆ ಬಿಡುವಂಥದ್ದಲ್ಲ.

“ಅಮ್ಮಾರ, ನೀವು ಓದಿದವರು. ಕೆಳಗ ಏನು ಬರದೈತಿ, ದೊಡ್ಡ ದನಿ ತಗದು ಓದ್ರಿ,” ಎಂದಳು ಅತಿಥಿಯ ಕಡೆಗೆ ತಿರುಗಿ.

ಪ್ರಾಧ್ಯಾಪಕಿ ಎದ್ದು ಬಂದರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಶ್ರೀಶೈಲನ ಮುಖವನ್ನೂ ಒಮ್ಮೆ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ತರಗತಿಯ ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ ಓದಿದರು: ಕಿತ್ತೂರು ಕೋಟೆಯ ಬಾಗಿಲಲ್ಲಿ ಹುಲ್ಲು ಕೊಯ್ಯುವ ಹೆಂಗಸು.

“ಕೇಳಿದ್ರೇನು?” ಎಂದಳು ರಾಚವ್ವ. “ಇಕಿ ಹೆಸರು ಬರದವನಿಗೂ ಗೊತ್ತಿಲ್ಲ. ನಮ್ಮವ್ವನ ಹೆಸರು ನನಗ ಗೊತ್ತೈತಿ. ಕೆಂಚವ್ವ. ಇದ ಬಾಗಲದಾಗ ಹುಲ್ಲು ಮಾರತಿದ್ದಳು. ನಾ ಯಾ ಸರದಾರನ ಮಗಳೂ ಅಲ್ಲ. ಕೆಂಚವ್ವನ ಮಗಳು. ಈ ಮಾತನ್ನ ನಲವತ್ತು ವರ್ಷ ನುಂಗೇನಿ, ಇನ್ನ ನುಂಗೂದಿಲ್ಲ.”

ಮಂಟಪದಲ್ಲಿ ಕೆಲವರು ಶ್ರೀಶೈಲನನ್ನು ನೋಡಿದರು, ಕೆಲವರು ನೆಲ ನೋಡಿದರು. ಬಾಗಿಲ ಹತ್ತಿರ ಜನಜಂಗುಳಿ ನೋಡಲು ನಿಂತಿದ್ದ ಹೆಂಗಸರಲ್ಲಿ ಒಬ್ಬಳು, “ನಮ್ಮ ಓಣಿ ಕೆಂಚವ್ವಾಯಿ ಮಗಳು ಅಕಿ, ನನಗ ಗುರುತೈತಿ!” ಎಂದು ಕೂಗಿದಳು. ಪ್ರಾಧ್ಯಾಪಕಿ ಚಪ್ಪಾಳೆ ತಟ್ಟಿದರು. ಅವರೊಬ್ಬರೇ ತಟ್ಟಿದರು, ಆಮೇಲೆ ಬಾಗಿಲ ಹತ್ತಿರದವರೂ ತಟ್ಟಿದರು. ಮುಂದಿನ ಸಾಲಿನ ಪೇಟದವರು ಕೈ ಎತ್ತಲಿಲ್ಲ.

“ಮನಿಗೆ ಹೆಂಗ ಬರತಿ ನೋಡತೇನಿ,” ಎಂದ ಶ್ರೀಶೈಲ, ಹಲ್ಲು ಕಚ್ಚಿ, ಅವಳಿಗೊಬ್ಬಳಿಗೇ ಕೇಳುವಂತೆ. ಮೈಕು ಅವನ ದನಿಯನ್ನೂ ಎಲ್ಲರಿಗೂ ಕೇಳಿಸಿತು.

“ಬರೂದಿಲ್ಲಪಾ,” ಎಂದಳು ರಾಚವ್ವ. “ನನ್ನ ಮನಿ ಈ ಊರಾಗ ಐತಿ.”

ಹೆಗಲ ಮೇಲಿನ ಶಾಲು ತೆಗೆದು ಕೈಯಲ್ಲಿ ಸುತ್ತಿದಳು. ಸುತ್ತಿ ಸುತ್ತಿ ಸಿಂಬಿ ಮಾಡಿದಳು. ಅದನ್ನು ನೆತ್ತಿಯ ಮೇಲಿಟ್ಟುಕೊಂಡು, ಕೆಳಗೆ ನಿಂತಿದ್ದ ಮುರ್ತುಜಾಸಾಬರ ಕಡೆ ನೋಡಿದಳು. ಮುರ್ತುಜಾಸಾಬರು ವೇದಿಕೆ ಹತ್ತಿ ಬಂದು ಪಟವನ್ನು ಎತ್ತಿ ಅವಳ ತಲೆಯ ಮೇಲಿಟ್ಟರು, ಹುಲ್ಲಿನವಳ ಮುಖ ಆಕಾಶಕ್ಕಿರುವಂತೆ. ಬಾಳುವಿನ ರಾಣಿ ಸಿಂಬಿಯ ಕಡೆಗೆ ಹೋಯಿತು.

“ಟೆಂಪೊ ಐತ್ರಿ ಅಕ್ಕಾರ, ಯಾಕ ಹೊರತೀರಿ?”

“ಇರಲಿ ಬಿಡ್ರಿ. ಇದು ಹೊತ್ತಕೊಂಡ ಹೋಗೂದು.”

ಅರವತ್ತು ದಾಟಿದ ಕತ್ತು ಭಾರಕ್ಕೆ ಬಿಗಿಯಿತು. ಒಂದು ಕೈಯಿಂದ ಪಟ ಹಿಡಿದು, ಇನ್ನೊಂದು ಕೈ ಬೀಸುತ್ತ ರಾಚವ್ವ ಮಂಟಪದಿಂದ ಹೊರಬಿದ್ದು ಕಿತ್ತೂರಿನ ಬಜಾರದ ನಟ್ಟನಡುವೆ ನಡೆದಳು. ಅಂಗಡಿಯವರು ಎದ್ದು ನಿಂತು ನೋಡಿದರು. ಕೋಟೆಯ ದಾರಿಯಲ್ಲಿ ಕಟ್ಟೆಯ ಮೇಲೆ ಎಲೆ ಅಡಕೆ ಹಾಕಿಕೊಳ್ಳುತ್ತ ಕೂತಿದ್ದ ಒಬ್ಬ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದಳು:

“ಏನ ಹೊತ್ತೀಯ ಯವ್ವಾ, ಇಷ್ಟು ಬಿಸಲಾಗ?”

“ನಮ್ಮವ್ವನ್ನ,” ಎಂದಳು ರಾಚವ್ವ, ನಿಲ್ಲದೆ.